ಬಿಟ್ಟಿ ಬೇಡ, ಬಿಚ್ಚಿ ನೋಡಿ ಸಾಕು

ಅಕ್ಷತೆ ಬೀಳುವ ಹೊತ್ತಿಗೆ ನಾನು ಶಟರನ್ನು ಸಾವಿರಕ್ಕೆ ಏರಿಸಿಕೊಳ್ಳುತ್ತೇನೆ. ಅಂದರೆ ಸೆಕೆಂಡಿನ ಸಾವಿರದ ಒಂದು ಪಾಲು. ಹಗಲು ಬೆಳಕಿನ ಚಪ್ಪರವಾದರೆ ಅಕ್ಕಿಕಾಳು ಒಂದೊಂದೂ ಗಾಳಿಯಲ್ಲಿ ತೂಗುಬಿಟ್ಟ ಹಾಗೆ ಬರುತ್ತದೆ. ಆಲ್ಬಮ್ಮಿನಲ್ಲಿ ಆ ಪುಟವನ್ನು ಜನ ಎರಡೆರಡು ಸಲ ತಿರುಗಿಸಿ ನೋಡುತ್ತಾರೆ. 2023ರ ಮೇ ತಿಂಗಳಲ್ಲಿ ಆನಂದಪುರದ ಕಡೆ ಮನೆಯಂಗಳದಲ್ಲಿ ನಡೆದ ಒಂದು ಮದುವೆಯಲ್ಲೂ ಹಾಗೆಯೇ ತೆಗೆದೆ. ರಾತ್ರಿ ಸಾಗರದ ನನ್ನ ಸ್ಟುಡಿಯೋಕ್ಕೆ ಬಂದು ಕಂಪ್ಯೂಟರಿಗೆ ಇಳಿಸಿದರೆ, ಅಕ್ಷತೆಯ ಅಷ್ಟೂ ಚಿತ್ರಗಳಲ್ಲಿ ಮೇಲಿನ ಕಾಲು ಭಾಗ ಮಸಿ ಬಳಿದ ಹಾಗೆ ಕಪ್ಪು. ಮದುಮಗಳ ಅಪ್ಪನಿಗೆ ಪೇಟವಿಲ್ಲ, ಪುರೋಹಿತರಿಗೆ ತಲೆಯೇ ಇಲ್ಲ. ಧಾರೆಯನ್ನು ನನ್ನ ಹುಡುಗ ಹಳೇ ಕ್ಯಾಮೆರಾದಲ್ಲಿ ತೆಗೆದಿದ್ದ, ಅದರಿಂದ ಮಾನ ಉಳಿಯಿತು. ಆಲ್ಬಮ್ಮಿನ ಲೆಕ್ಕದಲ್ಲಿ ಹತ್ತು ಸಾವಿರ ಬಿಟ್ಟುಕೊಟ್ಟೆ.

ಶಟರೆಂದರೆ ಎರಡು ಪರದೆಗಳ ಓಟ. ಮೊದಲಿನದು ತೆರೆದುಕೊಂಡು ಹೋಗುತ್ತದೆ, ಎರಡನೆಯದು ಮುಚ್ಚಿಕೊಳ್ಳುತ್ತ ಅದರ ಬೆನ್ನಟ್ಟುತ್ತದೆ, ನಡುವಿನ ಸಂದಿಯಲ್ಲಿ ಬೆಳಕು ನುಸುಳುತ್ತದೆ. ಒಂದು ಪರದೆ ಕುಂಟಿದರೆ ಸಂದಿ ಮುಚ್ಚಿಹೋಗಿ ಚಿತ್ರದಲ್ಲಿ ಕಪ್ಪುಪಟ್ಟಿ ಬೀಳುತ್ತದೆ. ಈ ಶಟರಿಗೆ ಕಂಪನಿ ಹೇಳಿದ್ದ ಆಯಸ್ಸು ಎರಡು ಲಕ್ಷ ಕ್ಲಿಕ್; ನನ್ನದು ಮುಗಿಸಿದ್ದು 41 ಸಾವಿರ. ಕೊಂಡು ಎಂಟು ತಿಂಗಳಾಗಿತ್ತು. ಹೇಗೆ ನೋಡಿದರೂ ವಾರಂಟಿಯಲ್ಲೇ ಆಗಬೇಕಾದ ಕೆಲಸ. ತೊಡಕು ಒಂದೇ: ಕ್ಯಾಮೆರಾ ಬಂದದ್ದು ಹಾಂಗ್‌ಕಾಂಗಿನಿಂದ.

ನಮ್ಮ ಕಸುಬಿನವರ ಬಾಯಲ್ಲಿ ಕ್ಯಾಮೆರಾಗಳಲ್ಲಿ ಎರಡೇ ಜಾತಿ, ‘ಇಂಡಿಯನ್ ಪೀಸ್’ ಮತ್ತು ‘ಗ್ರೇ ಪೀಸ್’. ಗ್ರೇ ಎಂದರೆ ನಕಲಿ ಮಾಲಲ್ಲ. ಅದೇ ಕಾರ್ಖಾನೆ, ಅದೇ ಸೆನ್ಸರ್, ಅದೇ ಡಬ್ಬಿ. ಕಂಪನಿ ಒಂದು ದೇಶದಲ್ಲಿ ಮಾರಲೆಂದು ಕಳಿಸಿದ್ದನ್ನು ಯಾರೋ ಅಲ್ಲಿ ಕೊಂಡು ಇನ್ನೊಂದು ದೇಶದಲ್ಲಿ ಮಾರುತ್ತಾರೆ, ಅಷ್ಟೆ. ಮಧ್ಯದಲ್ಲಿ ಕಂಪನಿಯ ಇಲ್ಲಿನ ಶಾಖೆ, ಡಿಸ್ಟ್ರಿಬ್ಯೂಟರ್, ಡೀಲರ್ ಯಾರೂ ಇಲ್ಲ. ಬೆಲೆ ಇಳಿಯುವುದು ಅಲ್ಲೇ.

2022ರ ಸೆಪ್ಟೆಂಬರಿನಲ್ಲಿ ಆ ಕ್ಯಾಮೆರಾಕ್ಕೆ ಶಿವಮೊಗ್ಗದಲ್ಲಿ 1,74,000 ರೂಪಾಯಿ. ಮೊಬೈಲಿನಲ್ಲಿ ಕಂಡ ಹಾಂಗ್‌ಕಾಂಗಿನ ಮಾರಾಟಗಾರನಲ್ಲಿ 1,31,000, ಕೊರಿಯರ್ ಮತ್ತು ‘ಎಲ್ಲ ತೆರಿಗೆ’ ಸೇರಿ ಮನೆ ಬಾಗಿಲಿಗೆ. 43,000 ರೂಪಾಯಿ ವ್ಯತ್ಯಾಸವೆಂದರೆ ಸಾಗರದ ಸ್ಟುಡಿಯೋದವನಿಗೆ ಒಂದು ಮದುವೆಯ ಆರ್ಡರು. ಹಾಂಗ್‌ಕಾಂಗಿನಲ್ಲಿ ಮಾರಾಟ ತೆರಿಗೆ ಇಲ್ಲ, ಕ್ಯಾಮೆರಾಕ್ಕೆ ಆಮದು ಸುಂಕವೂ ಇಲ್ಲ. ಇಲ್ಲಿ 2017ರಲ್ಲಿ ಜಿಎಸ್‌ಟಿ ಬಂದಾಗ ಡಿಜಿಟಲ್ ಕ್ಯಾಮೆರಾಕ್ಕೆ ಶೇ 28 ಹಾಕಿದ್ದರು, 2019ರ ಜನವರಿಯಿಂದ ಶೇ 18 ಆಯಿತು. ಅಂದರೆ ಶಿವಮೊಗ್ಗದ ಆ ಬೆಲೆಯಲ್ಲಿ ಸುಮಾರು 26,500 ರೂಪಾಯಿ ಜಿಎಸ್‌ಟಿಯೇ. ದೊಡ್ಡ ಸ್ಟುಡಿಯೋದವರು ನೋಂದಣಿ ಮಾಡಿಸಿಕೊಂಡು ಅದನ್ನು ಇನ್‌ಪುಟ್ ಕ್ರೆಡಿಟ್ ಎಂದು ತಾವು ಕಟ್ಟುವ ತೆರಿಗೆಯಲ್ಲಿ ಮುರಿದುಕೊಳ್ಳುತ್ತಾರೆ. ವರ್ಷಕ್ಕೆ 20 ಲಕ್ಷದ ವಹಿವಾಟು ಮುಟ್ಟದ ನನ್ನಂಥವರು ಅಷ್ಟನ್ನೂ ಜೇಬಿನಿಂದ ಕೊಡಬೇಕು. ಗ್ರೇ ಪೀಸಿನ ಸೆಳೆತ ಚಿಕ್ಕವರಿಗೇ ಹೆಚ್ಚು, ಪೆಟ್ಟೂ ಅವರಿಗೇ.

ತೆರಿಗೆಯ ಮಾತು ಬಂತೆಂದು ಒಂದು ಪಕ್ಕದ ದಾರಿ ಹಿಡಿಯುತ್ತೇನೆ. ಕೆಲವು ಕ್ಯಾಮೆರಾಗಳಲ್ಲಿ ವಿಡಿಯೊ 29 ನಿಮಿಷ 59 ಸೆಕೆಂಡಿಗೆ ತಾನಾಗಿ ನಿಂತುಬಿಡುತ್ತಿದ್ದುದು ಮದುವೆ ವಿಡಿಯೊ ಮಾಡುವವರೆಲ್ಲರಿಗೂ ಗೊತ್ತು. ಮಂತ್ರ ಉದ್ದವಾದರೆ ತಾಳಿ ಕಟ್ಟುವ ಹೊತ್ತಿಗೆ ಸರಿಯಾಗಿ ಕೈಕೊಡುತ್ತಿತ್ತು. ಯಂತ್ರಕ್ಕೆ ಮುಂದುವರಿಯಲು ಬಾರದೆ ಅಲ್ಲ. ಒಂದೇ ಓಟಕ್ಕೆ ಅರ್ಧ ಗಂಟೆ ರೆಕಾರ್ಡ್ ಮಾಡುವುದಕ್ಕೆ ಆಗ ಯುರೋಪಿನಲ್ಲೂ ಸುಂಕ ಬೇರೆ ಇತ್ತು, ನಮ್ಮಲ್ಲೂ ಸುಂಕ ವಿನಾಯಿತಿಗೆ ಅದೇ ಗೆರೆ ಇತ್ತು. 2012ರಲ್ಲಿ ಭಾರತಕ್ಕೆ ಬಂದ ಕ್ಯಾಮೆರಾಗಳು ಈ ಗೆರೆಯ ಯಾವ ಪಕ್ಕದವು ಎಂಬ ಜಗಳ ಕ್ಯಾನನ್ ಇಂಡಿಯಾ ಮತ್ತು ಕಸ್ಟಮ್ಸ್ ನಡುವೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2021ರ ಮಾರ್ಚಿನಲ್ಲಿ ಕೋರ್ಟು, ನೋಟಿಸು ಕೊಟ್ಟ ಕಂದಾಯ ಗುಪ್ತಚರ ನಿರ್ದೇಶನಾಲಯದ, ಅಂದರೆ ಡಿಆರ್‌ಐ ಅಧಿಕಾರಿಗೆ ಆ ಅಧಿಕಾರವೇ ಇಲ್ಲ ಎಂದಿತು. 2024ರ ನವೆಂಬರಿನಲ್ಲಿ ಮರುಪರಿಶೀಲಿಸಿ, ಇದೆ ಎಂದಿತು. ಒಂದು ಸೆಕೆಂಡಿನ ಗೆರೆಗೆ ಇಷ್ಟು ದೊಡ್ಡವರು ಇಷ್ಟು ವರ್ಷ ಹೋರಾಡುವುದಾದರೆ, 43 ಸಾವಿರದ ಆಸೆಗೆ ಬಿದ್ದ ನನ್ನನ್ನು ನಾನು ಸ್ವಲ್ಪ ಕ್ಷಮಿಸಿಕೊಂಡಿದ್ದೇನೆ.

ಪಾರ್ಸೆಲು 11 ದಿನಕ್ಕೆ ಬಂತು. ಚಾರ್ಜರಿಗೆ ಚೌಕ ಕಾಲಿನ ಮೂರು ಪಿನ್ನು, ನಮ್ಮ ಗೋಡೆಗೆ ಹೋಗದ್ದು, ಅಡಾಪ್ಟರ್ ತಂದೆ. ಡಬ್ಬಿಯ ಮೇಲೆ ಎಂಆರ್‌ಪಿ ಚೀಟಿ ಇಲ್ಲ. ನಮ್ಮ ಪ್ಯಾಕೇಜು ನಿಯಮದ ಪ್ರಕಾರ ಹೊರದೇಶದ ಮಾಲಿನ ಮೇಲೆ ಆಮದು ಮಾಡಿಕೊಂಡವರ ಹೆಸರು, ವಿಳಾಸ, ಎಂಆರ್‌ಪಿ ಎಲ್ಲ ಇರಬೇಕು. ಅದಿಲ್ಲದ ಡಬ್ಬಿಗೆ ಈ ದೇಶದಲ್ಲಿ ಹೇಳುವವರು ಕೇಳುವವರು ಇಲ್ಲ ಎಂದೇ ಅರ್ಥ. ಇದನ್ನೆಲ್ಲ ನಾನು ಆಗ ನೋಡಲಿಲ್ಲ. ನೋಡಿದ್ದು ಕ್ಯಾಮೆರಾವನ್ನು ಮಾತ್ರ. ಹೊಸ ರಬ್ಬರಿನ ವಾಸನೆ ಬರುತ್ತಿತ್ತು.

ಶಟರು ಕೆಟ್ಟ ಮೇಲೆ ಮಾರಾಟಗಾರನಿಗೆ ಬರೆದೆ. ಉತ್ತರ ಬೇಗನೆ ಬಂತು, ಬಹಳ ವಿನಯದಲ್ಲಿ. ಅವರದು ಕಂಪನಿಯ ವಾರಂಟಿಯಲ್ಲವಂತೆ, ‘ಮಾರಾಟಗಾರರ ಒಂದು ವರ್ಷದ ವಾರಂಟಿ’. ಕ್ಯಾಮೆರಾವನ್ನು ನನ್ನ ಖರ್ಚಿನಲ್ಲಿ ಹಾಂಗ್‌ಕಾಂಗಿಗೆ ಕಳಿಸಬೇಕು, ಆರರಿಂದ ಹತ್ತು ವಾರ ಕಾಯಬೇಕು. ಶಿವಮೊಗ್ಗದ ಕೊರಿಯರ್ ಕಚೇರಿಗೆ ಹೋದರೆ ಒಂದು ದಿಕ್ಕಿಗೇ 7,800 ರೂಪಾಯಿ ಎಂದರು. ರಿಪೇರಿಗೆ ಹೋಗುತ್ತಿದೆ ಎಂಬ ರಫ್ತು ಕಾಗದ ಸರಿಯಾಗಿ ಮಾಡಿಸದಿದ್ದರೆ ವಾಪಸು ಬರುವಾಗ ಮತ್ತೆ ಸುಂಕ ಬೀಳುತ್ತದೆ ಎಂದೂ ಹೇಳಿದರು. ಕಾಗದ ಮಾಡಿಸಲು ಕೊಂಡ ಬಿಲ್ಲು ಬೇಕು. ಆಗ ಮೊದಲ ಸಲ ಡಬ್ಬಿಯಲ್ಲಿದ್ದ ಬಿಲ್ಲನ್ನು ಬಿಡಿಸಿ ಓದಿದೆ: ‘ಹಳೆಯ ಕ್ಯಾಮೆರಾ ಬಿಡಿಭಾಗ, 95 ಡಾಲರ್’.

‘ಎಲ್ಲ ತೆರಿಗೆ ಸೇರಿ’ ಎಂಬ ಮಾತಿನ ಗುಟ್ಟು ಅಲ್ಲಿತ್ತು. ನನ್ನ 1,31,000 ರೂಪಾಯಿಯ ಹೊಸ ಕ್ಯಾಮೆರಾ ಕಸ್ಟಮ್ಸಿನ ಕಣ್ಣಲ್ಲಿ ಹಳೇ ಬಿಡಿಭಾಗವಾಗಿ ದೇಶದೊಳಗೆ ನುಸುಳಿತ್ತು. ಸುಳ್ಳು ಬರೆದವನು ಅವನು. ಲಾಭ ಉಂಡವನು ನಾನು. ಈ ಬಿಲ್ಲು ಹಿಡಿದು ಯಾರ ಮುಂದೆ ನಿಂತು ನ್ಯಾಯ ಕೇಳಲಿ?

ಆದರೂ ಕೇಳಿದೆ. ವಕೀಲರಾಗಿರುವ ಗೆಳೆಯರೊಬ್ಬರು ಕಾನೂನು ಬಿಡಿಸಿ ಹೇಳಿದರು. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ವ್ಯಾಪಾರಕ್ಕೆಂದು ಕೊಂಡವನು ಗ್ರಾಹಕನಲ್ಲ, ಆದರೆ ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಕೊಂಡವನು ಗ್ರಾಹಕನೇ. ಹಾಗಾಗಿ ನಾನು ಒಳಗೆ. ನಾನಿರುವ ಜಿಲ್ಲೆಯಲ್ಲೇ, ಶಿವಮೊಗ್ಗದ ಆಯೋಗದಲ್ಲೇ, ದೂರು ಕೊಡಬಹುದು. ಐದು ಲಕ್ಷದವರೆಗೆ ಶುಲ್ಕವೂ ಇಲ್ಲ. 2020ರ ಇ-ಕಾಮರ್ಸ್ ನಿಯಮಗಳು ಭಾರತದ ಗ್ರಾಹಕರಿಗೆ ವ್ಯವಸ್ಥಿತವಾಗಿ ಮಾಲು ಮಾರುವ ಹೊರದೇಶದ ವ್ಯಾಪಾರಿಗೂ ಅನ್ವಯಿಸುತ್ತವೆ. ಕೇಳುತ್ತ ಕೇಳುತ್ತ ನನಗೆ ಹುರುಪು ಬಂತು. “ಸರಿ, ನೋಟಿಸು ಯಾರಿಗೆ ಕಳಿಸೋಣ?” ಎಂದರು ಗೆಳೆಯರು. ಬಿಲ್ಲಿನ ಮೇಲೆ ಇದ್ದದ್ದು ಕೌಲೂನಿನ ಒಂದು ಕಟ್ಟಡದ ಹೆಸರು, ಒಂದು ಕೋಣೆಯ ಸಂಖ್ಯೆ. “ಅದೂ ಇರಲಿ, ಈ 95 ಡಾಲರಿಗೆ ಪರಿಹಾರ ಕೇಳ್ತೀರೋ, ಇಲ್ಲ 1,31,000ಕ್ಕೋ?” ನಾನು ಚಹಾ ಕುಡಿದು ಎದ್ದುಬಂದೆ.

ಶಿವಮೊಗ್ಗದ ಡೀಲರ್ ಹತ್ತಿರ ಹೋದದ್ದು ನಾಚಿಕೆ ಬಿಟ್ಟು. ಇಪ್ಪತ್ತು ವರ್ಷದ ಪರಿಚಯ. ಹಿಂದೊಮ್ಮೆ ಮದುವೆಯ ಹಿಂದಿನ ದಿನ ನನ್ನ ಫ್ಲ್ಯಾಶ್ ಕೆಟ್ಟಾಗ ತಮ್ಮ ಷೋಕೇಸಿನದನ್ನೇ ತೆಗೆದು ಕೈಗಿಟ್ಟವರು. ಸೀರಿಯಲ್ ನಂಬರ್ ನೋಡಿದ ಕೂಡಲೇ ಅವರಿಗೆ ಎಲ್ಲ ತಿಳಿಯಿತು. “ಹೆಣ್ಣು ತಂದದ್ದು ಹಾಂಗ್‌ಕಾಂಗಿಂದ ಅಲ್ವಾ ಮಾರಾಯ್ರೆ, ಬಾಣಂತನಕ್ಕೂ ಅಲ್ಲಿಗೇ ಕಳಿಸಿ” ಎಂದರು. ನಕ್ಕರು, ನಾನೂ ನಕ್ಕೆ, ಆದರೆ ಮಾತು ನಾಟಿತು. ಅವರು ಅಂಗಡಿಗೆ ಬಾಡಿಗೆ ಕಟ್ಟುತ್ತಾರೆ, ಮಾಲಿನ ಮೇಲೆ ದುಡ್ಡು ಹಾಕಿ ಕೂರುತ್ತಾರೆ. ನಾವು ಅವರಲ್ಲಿ ಹೋಗಿ ಕ್ಯಾಮೆರಾ ಕೈಯಲ್ಲಿ ಹಿಡಿದು ತೂಕ ನೋಡಿ, ಹತ್ತು ಪ್ರಶ್ನೆ ಕೇಳಿ, ಹೊರಗೆ ಬಂದು ಮೊಬೈಲಿನಲ್ಲಿ ಹಾಂಗ್‌ಕಾಂಗಿಗೆ ಆರ್ಡರ್ ಹಾಕುತ್ತೇವೆ. ಆದ್ದರಿಂದ ಕಂಪನಿ ಗ್ರೇ ಪೀಸಿಗೆ ಬಿಟ್ಟಿ ರಿಪೇರಿ ಮಾಡಬೇಕೆಂದು ನಾನು ಕೇಳುವುದಿಲ್ಲ. ವಾರಂಟಿಯ ದುಡ್ಡು ಆ 1,74,000ದೊಳಗೆ ಇತ್ತು. ನಾನು ಕೊಡಲಿಲ್ಲ. ಅಲ್ಲಿಗೆ ಮುಗಿಯಿತು.

ನನ್ನ ತಕರಾರು ಮುಂದಿನದರ ಬಗ್ಗೆ.

ತಾಳಗುಪ್ಪದಿಂದ ಬರುವ ರಾತ್ರಿ ರೈಲು ಹತ್ತಿ ಬೆಂಗಳೂರಿಗೆ ಹೋದೆ. ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಟೋಕನ್ ಹಿಡಿದು ಕೂತೆ. ಎಸಿ ಇತ್ತು, ಗೋಡೆಯ ಮೇಲೆ ಕಬಿನಿಯದೋ ಬಂಡೀಪುರದ್ದೋ ಒಂದು ಹುಲಿ ಇತ್ತು. ಕೌಂಟರಿನ ಹುಡುಗಿ ನಂಬರ್ ಹೊಡೆದು, “ಸರ್, ಇದು ನಮ್ಮ ಸಿಸ್ಟಮ್‌ನಲ್ಲಿ ಬರ್ತಿಲ್ಲ” ಎಂದಳು.

“ಗೊತ್ತಮ್ಮ, ಹೊರಗಡೆಯದು. ವಾರಂಟಿ ಬೇಡ, ದುಡ್ಡು ಕೊಡ್ತೀನಿ.”

“ದುಡ್ಡಿನ ಪ್ರಶ್ನೆ ಅಲ್ಲ ಸರ್. ಇಂಡಿಯನ್ ನಂಬರ್ ಅಲ್ಲದೆ ಇದ್ರೆ ಜಾಬ್‌ಶೀಟೇ ಓಪನ್ ಆಗಲ್ಲ.”

“ಬಿಚ್ಚಿ ನೋಡಿ ಏನಾಗಿದೆ ಅಂತಾದರೂ ಹೇಳಬಹುದಲ್ಲ?”

“ಜಾಬ್‌ಶೀಟ್ ಇಲ್ದೆ ಒಳಗೆ ತಗೊಳ್ಳೋ ಹಾಗಿಲ್ಲ ಸರ್.”

ಅವಳದು ತಪ್ಪಲ್ಲ, ದನಿಯಲ್ಲಿ ಬೇಸರವೂ ಇತ್ತು. ಗಾಜಿನ ಗೋಡೆಯ ಆಚೆ ಇಬ್ಬರು ಹುಡುಗರು ನನ್ನದೇ ಮಾಡೆಲ್ಲಿನ ಒಂದು ಬಾಡಿಯನ್ನು ಬಿಚ್ಚಿಕೊಂಡು ಕೂತಿದ್ದರು. ಅದೇ ಸ್ಕ್ರೂ, ಅದೇ ಶಟರು. ನಮ್ಮಿಬ್ಬರ ನಡುವೆ ಹತ್ತಡಿ ದೂರ, ಒಂದು ನಂಬರು.

ಕಂಪನಿಯ ಹೆಸರು ಹೇಳುವುದಿಲ್ಲ. ಈ ರೋಗ ಒಬ್ಬರದಲ್ಲ. ದಾಖಲೆಯಲ್ಲಿರುವ ಹೊರದೇಶದ ಉದಾಹರಣೆಯೊಂದನ್ನು ಕೊಡುತ್ತೇನೆ, ನನ್ನ ಕ್ಯಾಮೆರಾ ಅವರದೇ ಎಂದು ಇದರಿಂದ ತಿಳಿಯಬೇಡಿ. ಅಮೆರಿಕದ ನಿಕಾನ್ ಶಾಖೆ ಗ್ರೇ ಪೀಸುಗಳನ್ನು ದುಡ್ಡು ಕೊಟ್ಟರೂ ಮುಟ್ಟುವುದಿಲ್ಲ ಎಂದು ಹಿಂದಿನಿಂದ ಬಹಿರಂಗವಾಗಿಯೇ ಹೇಳಿಕೊಂಡು ಬಂದಿದೆ. ಅಲ್ಲಿ 2012ರಲ್ಲಿ ಹೊರಗಿನ ರಿಪೇರಿಯವರಿಗೆ ಬಿಡಿಭಾಗ ಮಾರುವುದನ್ನು ನಿಲ್ಲಿಸಿದರು. 2020ರ ಮಾರ್ಚಿನ ಕೊನೆಗೆ ತಾವೇ ಅಧಿಕೃತವೆಂದು ಒಪ್ಪಿದ್ದ ಅಂಗಡಿಗಳ ಒಪ್ಪಂದವನ್ನೂ ಮುಗಿಸಿದರು. ಎರಡನ್ನೂ ಕೂಡಿಸಿ ನೋಡಿ. ನಾವು ಮಾಡುವುದಿಲ್ಲ, ಮಾಡುವವರಿಗೆ ಸಾಮಾನೂ ಕೊಡುವುದಿಲ್ಲ. ಕೊಂಡ ವಸ್ತು ನನ್ನದೋ ಅವರದೋ?

ನಮ್ಮ ಅಪ್ಪನೂ ಹೊರಗಿನ ಮಾಲನ್ನೇ ಕೊಂಡವರು. ಗಲ್ಫಿಗೆ ಹೋದವರು ತರುತ್ತಿದ್ದ ಸಾಮಾನು ಭಟ್ಕಳದ ಪೇಟೆಯಲ್ಲಿ ಸಿಗುತ್ತಿತ್ತು. ಟೇಪ್‌ರೆಕಾರ್ಡರು, ಸೆಂಟು, ಟಾರ್ಚು, ವಾಚು. 1983ರಲ್ಲಿ ಅಪ್ಪ ಘಟ್ಟ ಇಳಿದು ಹೋಗಿ ಒಂದು ಯಾಷಿಕಾ ಮ್ಯಾಟ್ ತಂದರು. ಎರಡು ಕಣ್ಣಿನ ಡಬ್ಬಿ ಕ್ಯಾಮೆರಾ. ಬಿಲ್ಲೂ ಇಲ್ಲ, ವಾರಂಟಿಯೂ ಇಲ್ಲ, ಆ ಪದವನ್ನು ಅವರು ಕೇಳಿದ್ದರೋ ಇಲ್ಲವೋ. ಅದರ ಶಟರು ಎರಡು ಮಳೆಗಾಲಕ್ಕೊಮ್ಮೆ ಜಡ್ಡುಗಟ್ಟುತ್ತಿತ್ತು. ಅಪ್ಪ ಅದನ್ನು ಬಟ್ಟೆಯಲ್ಲಿ ಸುತ್ತಿ ಪೇಟೆಯ ವಾಚ್ ರಿಪೇರಿಯವರ ಹತ್ತಿರ ಒಯ್ಯುತ್ತಿದ್ದರು. ಅವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಬಿಚ್ಚಿ, ತೊಳೆದು, ಎಲೆಯಡಿಕೆ ಉಗಿದು ಬಂದು ಕೂಡಿಸಿ ಕೊಡುತ್ತಿದ್ದರು. ಭಟ್ಕಳದ್ದೋ ಬೆಂಗಳೂರಿನದೋ ಎಂದು ಅವರೂ ಕೇಳಲಿಲ್ಲ, ಕ್ಯಾಮೆರಾವೂ ಹೇಳಲಿಲ್ಲ. ಆಗಿನ ಯಂತ್ರಕ್ಕೆ ಊರಿರಲಿಲ್ಲ. ಈಗಿನದಕ್ಕೆ ನಂಬರಿನಲ್ಲೇ ಊರು ಬರೆದಿದೆ.

ಕಾನೂನು ಈ ಮಾಲಿನ ಬಗ್ಗೆ ಏನೂ ಹೇಳಿಲ್ಲವೆಂದಲ್ಲ. 2012ರ ಅಕ್ಟೋಬರಿನಲ್ಲಿ ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ ಸ್ಯಾಮ್‌ಸಂಗ್ ಪ್ರಿಂಟರುಗಳ ಪ್ರಕರಣದಲ್ಲಿ ಒಂದು ಮುಖ್ಯ ಮಾತು ಹೇಳಿತು. ಹೊರದೇಶದಲ್ಲಿ ನ್ಯಾಯವಾಗಿ ಕೊಂಡ ಅಸಲಿ ಮಾಲನ್ನು ತಂದು ಮಾರಬಹುದು, ಟ್ರೇಡ್‌ಮಾರ್ಕ್ ಹೆಸರಿನಲ್ಲಿ ಕಂಪನಿ ಅದನ್ನು ತಡೆಯುವಂತಿಲ್ಲ. ಆದರೆ ಇದು ಆಮದು ಮಾಲು, ಇದರ ವಾರಂಟಿ ಸ್ಯಾಮ್‌ಸಂಗಿನದಲ್ಲ, ನಮ್ಮದು ಎಂದು ಅಂಗಡಿಯಲ್ಲಿ ಕಣ್ಣಿಗೆ ಕಾಣುವ ಹಾಗೆ ಬರೆದು ಹಾಕಬೇಕು. ಹಾಂಗ್‌ಕಾಂಗಿನಲ್ಲೇ ಇದು ರೂಢಿಯಂತೆ. ಅಲ್ಲಿ ಕೆಲಸಕ್ಕಿರುವ ನಮ್ಮ ಕಡೆಯವರೊಬ್ಬರು ಆಮೇಲೆ ಹೇಳಿದರು: ಮಾಂಗ್‌ಕಾಕಿನ ಕ್ಯಾಮೆರಾ ಅಂಗಡಿಗಳಲ್ಲಿ ಒಂದೇ ಕ್ಯಾಮೆರಾಕ್ಕೆ ಎರಡು ಬೆಲೆ ಹೇಳುತ್ತಾರೆ, ಕಂಪನಿ ಮಾಲಿಗೆ ಒಂದು, ‘ನೀರು ಸರಕಿಗೆ’ ಒಂದು. ಗ್ರೇ ಮಾಲಿಗೆ ಕಾಂಟನೀಸಿನಲ್ಲಿ ಆ ಹೆಸರು. ಕೊಳ್ಳುವವನು ಕಣ್ಣು ಬಿಟ್ಟುಕೊಂಡೇ ಕೊಳ್ಳುತ್ತಾನೆ. ನನಗೆ ಮಾರಿದ ಪುಟದಲ್ಲಿ ‘ಒಂದು ವರ್ಷ ವಾರಂಟಿ’ ಎಂದು ದಪ್ಪ ಅಕ್ಷರದಲ್ಲಿತ್ತು. ಯಾರ ವಾರಂಟಿ ಎಂಬುದು ನಾಲ್ಕು ಪುಟ ಒತ್ತಿದ ಮೇಲೆ ಬರುತ್ತಿತ್ತು. ಭಾರತಕ್ಕೆ ಮಾಲು ಕಳಿಸುವ ಅಂಥ ಪುಟಗಳಿಗೆ ದೆಹಲಿಯ ಆ ಒಂದು ಸಾಲನ್ನು ಬೆಲೆಯ ಪಕ್ಕದಲ್ಲೇ ಬರೆಸಿದರೆ ಅರ್ಧ ಜನ ಹಿಂದೆ ಸರಿಯುತ್ತಾರೆ. ಉಳಿದ ಅರ್ಧ ತಿಳಿದೇ ಬೀಳಲಿ.

ಇನ್ನು ದುಡ್ಡು ಕೊಟ್ಟು ಮಾಡಿಸುವ ರಿಪೇರಿಯ ಮಾತು. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ‘ರಿಪೇರಿಯ ಹಕ್ಕಿ’ಗೆ ಒಂದು ಸಮಿತಿ ಮಾಡಿತು, ಡಿಸೆಂಬರಿನಲ್ಲಿ ಒಂದು ಪೋರ್ಟಲನ್ನೂ ತೆರೆಯಿತು. ಮೊದಲಿಗೆ ಆರಿಸಿಕೊಂಡದ್ದು ಕೃಷಿ ಯಂತ್ರ, ಮೊಬೈಲು ಮತ್ತು ಟ್ಯಾಬ್ಲೆಟ್, ಗೃಹೋಪಯೋಗಿ ವಸ್ತು, ವಾಹನ. ಒಳ್ಳೆಯದೇ. ಟಿಲ್ಲರ್ ಕೆಟ್ಟರೆ ರೈತನಿಗೆ ಆಗುವ ಹಾನಿಯ ಮುಂದೆ ನನ್ನದೇನು ದೊಡ್ಡದಲ್ಲ. ಆದರೂ ಊರೂರಿನ ಸ್ಟುಡಿಯೋಗಳಲ್ಲಿ ಕ್ಯಾಮೆರಾವೂ ಟಿಲ್ಲರೇ, ಅನ್ನ ಬೆಳೆಯುವುದು ಅದರಲ್ಲೇ. ಕದ್ದ ಮಾಲಲ್ಲ, ನಕಲಿಯಲ್ಲ ಎಂದು ಖಾತ್ರಿ ಮಾಡಿಕೊಂಡು, ಯಾವ ದೇಶದ ನಂಬರಾದರೂ ಒಳಗೆ ತೆಗೆದುಕೊಂಡು, ಪೂರ್ತಿ ದರ ಹಾಕಿ, ಬೇಕಿದ್ದರೆ ಮೇಲೆ ಎರಡು ಸಾವಿರ ಹೆಚ್ಚೇ ಹಾಕಿ ಮಾಡಿಕೊಡಲಿ. ಕೆಲವು ಲ್ಯಾಪ್‌ಟಾಪಿನವರು ಯಾವ ದೇಶದಲ್ಲಿ ಕೊಂಡರೂ ಇಲ್ಲಿ ನೋಡಿಕೊಡುತ್ತಾರೆ, ಅವರ ಅಂಗಡಿಯೇನೂ ಮುಚ್ಚಿಹೋಗಿಲ್ಲ. ಬಾಗಿಲು ಮುಚ್ಚಿಟ್ಟರೆ ಗ್ರೇ ವ್ಯಾಪಾರ ನಿಲ್ಲುತ್ತದೆ ಎಂಬುದು ಕಂಪನಿಗಳ ಲೆಕ್ಕ. ಕೊಳ್ಳುವಾಗ ಯಾರೂ ಕೆಡುವುದನ್ನು ನೆನೆಯುವುದಿಲ್ಲ. ಆ ಶಿಕ್ಷೆ ತಲುಪುವುದು ಕೊಂಡು ಎಂಟು ತಿಂಗಳಾದವನಿಗೆ. ಹಾಂಗ್‌ಕಾಂಗಿನವನಿಗೆ ಒಂದು ಗೀರೂ ಬೀಳುವುದಿಲ್ಲ.

ನನ್ನ ಕ್ಯಾಮೆರಾ ಕೊನೆಗೆ ಸರಿಯಾದದ್ದು ಬೆಂಗಳೂರಿನ ಎಸ್‌ಪಿ ರಸ್ತೆಯ ಹಿಂದಿನ ಒಂದು ಮಹಡಿಯಲ್ಲಿ. ಎಲ್ಲರೂ ಅವರನ್ನು ಭಾಯ್ ಎನ್ನುತ್ತಾರೆ. ಮೇಜಿನ ಮೇಲೆ ಟ್ಯೂಬ್‌ಲೈಟು, ಐಸ್‌ಕ್ರೀಮ್ ಡಬ್ಬಿಗಳಲ್ಲಿ ಸ್ಕ್ರೂ, ಗೋಡೆಗೆ ಸತ್ತ ಕ್ಯಾಮೆರಾಗಳ ಸಾಲು. ಅವಕ್ಕೆ ಅವರು ‘ಡೆಡ್ ಬಾಡಿ’ ಎನ್ನುತ್ತಾರೆ. ನೀರಿಗೆ ಬಿದ್ದದ್ದು, ಸೆನ್ಸರ್ ಹೋದದ್ದು. ಹೊಸ ಶಟರು ಸಿಗುವುದಿಲ್ಲವಾದ್ದರಿಂದ ಒಂದು ಡೆಡ್ ಬಾಡಿಯಿಂದ ಕಿತ್ತು ಹಾಕಿದರು. ಹದಿನಾಲ್ಕು ಸಾವಿರ. ಬಿಲ್ಲಿಲ್ಲ. “ಮೂರು ತಿಂಗಳು ನನ್ನ ಜಿಮ್ಮಾ” ಎಂದರು. ಈ ಇಡೀ ಕಥೆಯಲ್ಲಿ ನನಗೆ ನೆಚ್ಚುವ ಹಾಗೆ ವಾರಂಟಿ ಕೊಟ್ಟವರು ಅವರೊಬ್ಬರೇ. ಜೊತೆಗೆ ಒಂದು ಎಚ್ಚರಿಕೆಯನ್ನೂ ಕೊಟ್ಟರು: ಒಮ್ಮೆ ಬಿಚ್ಚಿದ ಬಾಡಿ, ಮಳೆ ತಡೆಯುವ ಸೀಲು ಮೊದಲಿನಂತೆ ಕೂತಿದೆ ಎಂದು ನಾನು ಹೇಳಲಾರೆ, ನೀರಿಗೆ ಒಡ್ಡಬೇಡಿ. ಸಾಗರದವನಿಗೆ ಈ ಮಾತು! ಮದುವೆಗೆ ಮುಂಚಿನ ಫೋಟೊ ಎಂದರೆ ನಮ್ಮಲ್ಲಿ ಜೋಗ, ಇಲ್ಲವೆ ಇಕ್ಕೇರಿ. ಜೋಗದಲ್ಲಿ ಮಳೆ ಬಾರದಿದ್ದರೂ ಗಾಳಿಯೇ ಒದ್ದೆ.

ಲೆಕ್ಕ ಒಪ್ಪಿಸಿಬಿಡುತ್ತೇನೆ. ರಿಪೇರಿ 14,000. ಎರಡು ಸಲ ಬೆಂಗಳೂರು 3,200. ಆರು ದಿನ ಬಾಡಿಗೆಗೆ ತಂದ ಕ್ಯಾಮೆರಾ 10,800. ಆಲ್ಬಮ್ಮಿನಲ್ಲಿ ಬಿಟ್ಟದ್ದು 10,000. ಒಟ್ಟು 38,000. ಉಳಿಸಿದ್ದ 43,000ದಲ್ಲಿ ಇನ್ನೂ ಐದು ಸಾವಿರ ನನ್ನ ಕಡೆಗೇ ಇದೆ. ಇದನ್ನು ಮುಚ್ಚಿಟ್ಟು ನೀತಿ ಹೇಳಲು ಹೊರಟರೆ ಓದುವವರು ನಂಬುವುದಿಲ್ಲ. ಆ ಐದು ಸಾವಿರಕ್ಕೆ ಎರಡು ಮಳೆಗಾಲ ಕ್ಯಾಮೆರಾವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಂಡು ಓಡಾಡಿದ್ದೇನೆ. ಮಾರಲು ಹೋದರೆ ‘ಗ್ರೇ, ಅದೂ ಓಪನ್ ಆದದ್ದು’ ಎಂದು ಅರ್ಧಕ್ಕೆ ಕೇಳುತ್ತಾರೆ.

ಹೋದ ವಾರ ಎದುರು ಬೀದಿಯ ಹುಡುಗ ಬಂದಿದ್ದ. ಈಗಷ್ಟೇ ಮದುವೆಗಳಿಗೆ ಹೋಗಲು ಶುರು ಮಾಡಿದ್ದಾನೆ, ಕೈ ಚೆನ್ನಾಗಿದೆ. ಮೊಬೈಲು ಚಾಚಿ, “ಅಣ್ಣಾ, ಇಲ್ಲಿಗಿಂತ ಮೂವತ್ತೆಂಟು ಕಡಿಮೆ ಇದೆ, ತಗೊಳ್ಲಾ?” ಎಂದ. ಬೇಕಾದುದಕ್ಕಿಂತ ಸ್ವಲ್ಪ ಹೆಚ್ಚೇ ಹೊತ್ತು ಆ ಬೆಲೆಯನ್ನು ನೋಡಿದೆ. ಆಮೇಲೆ ಅವನನ್ನು ಕೂರಿಸಿಕೊಂಡು ಕಂಪನಿಯ ಇಲ್ಲಿನ ಕಚೇರಿಗೆ ಒಂದು ಮೇಲ್ ಬರೆಸಿದೆ, ಒಂದೇ ಪ್ರಶ್ನೆ: ಹಾಂಗ್‌ಕಾಂಗಿನಲ್ಲಿ ಕೊಂಡ ಈ ಮಾಡೆಲು ಕೆಟ್ಟರೆ ದುಡ್ಡು ತೆಗೆದುಕೊಂಡು ಮಾಡಿಕೊಡುತ್ತೀರಾ, ಇಲ್ಲವಾ? ಉತ್ತರ ಇನ್ನೂ ಬಂದಿಲ್ಲ. ಹುಡುಗ ದಿನಾ ಸಂಜೆ ಬಂದು ಕೇಳುತ್ತಾನೆ. ಆಫರು ಭಾನುವಾರ ಮುಗಿಯುತ್ತದಂತೆ.